ಬೊಚ್ಚಮ್ಮ ಮಾರ್ಕಿನ ಹಲ್ಲುಪುಡಿ

ಹಲ್ಲಿಲ್ಲದ ಮುದುಕಿಯ ಚಿತ್ರ ಹಾಕಿ ಹಲ್ಲುಪುಡಿ ಮಾರುವ ಧೈರ್ಯ ಆ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಬಂದಿರಲಿಕ್ಕಿಲ್ಲ. ಆ ಮನೆಯ ತಾಯಿಗೆ ತಲೆ ನರೆಯುವ ಮೊದಲೇ ವಸಡಿನ ಕಾಯಿಲೆ ಬಂದು ಹಲ್ಲೆಲ್ಲ ಹೋಗಿದ್ದವು. "ನನ್ನ ಬಾಯಂತೂ ಬೊಚ್ಚಾಯ್ತು, ಮಕ್ಕಳದ್ದಾದ್ರೂ ಉಳೀಲಿ" ಎಂದು ಆಕೆ ಲವಂಗ, ಉಪ್ಪು, ಇದ್ದಿಲು ಕುಟ್ಟಿ ಪುಡಿ ಮಾಡಿದಳು. ನೆರೆಯವರು ಕೇಳಿ ಒಯ್ದರು. ಆಮೇಲೆ ಅಂಗಡಿಯವರು ಕೇಳಿದರು. "ಆ ಬೊಚ್ಚಮ್ಮನ ಪುಡಿ ಕೊಡಿ" ಎಂದು ಜನ ಕೇಳುತ್ತಿದ್ದುದರಿಂದ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ. ಡಬ್ಬಿಯ ಮೇಲೆ ತಾಯಿಯ ನಗುಮುಖವನ್ನೇ ಗೆರೆಗಳಲ್ಲಿ ಬರೆಸಿದರು. ಚಿತ್ರ ನೋಡಿದವರು ಮೊದಲು ನಗುತ್ತಿದ್ದರು, ಆಮೇಲೆ ಕೊಳ್ಳುತ್ತಿದ್ದರು.

ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮದುವೆಯ ಗೋಜಿಗೇ ಹೋಗದೆ ಪುಡಿಯ ಕೋಣೆಯಲ್ಲಿ ನಿಂತವಳು. ಬೀಸುವ ಯಂತ್ರ, ಜರಡಿ, ಡಬ್ಬಿ ತುಂಬುವ ಹೆಂಗಸರು, ಎಲ್ಲ ಅವಳ ಉಸ್ತುವಾರಿಯಲ್ಲಿ. ಎಷ್ಟು ತೊಳೆದರೂ ಅವಳ ಉಗುರಿನ ಸಂದಿಯಿಂದ ಇದ್ದಿಲ ಕಪ್ಪು ಹೋಗುತ್ತಿರಲಿಲ್ಲ. ಚಿಕ್ಕವಳೂ ಜೊತೆಗೇ ದುಡಿದವಳು, ಮದುವೆಯಾದ ಮೇಲೆ ಬಿಟ್ಟಳು. ಅವಳ ಗಂಡ ಅಂಗಡಿ ಅಂಗಡಿಗೆ ಮಾಲು ತಲುಪಿಸುವವನು. ಬೊಚ್ಚಮ್ಮನ ಡಬ್ಬಿಗಳನ್ನೂ ಅವನೇ ಒಯ್ಯುತ್ತಿದ್ದ. ಮಾತು ಶುರುಮಾಡಿದನೆಂದರೆ ಎದುರಿನವರು ಜಾರಿ ಬೀಳಬೇಕು, ಅಷ್ಟು ನಯ. ಡಬ್ಬಿ ತುಂಬುವ ಹೆಂಗಸರು ಅವನಿಗೆ ಹಿಂದಿನಿಂದ 'ಬೆಣ್ಣೆ' ಎಂದು ಹೆಸರಿಟ್ಟಿದ್ದರು.

ತಾಯಿಗಂತೂ ಅಳಿಯನೆಂದರೆ ಪ್ರಾಣ. "ಅತ್ತೆ, ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಎಂದು ಕೇಳದೆ ಅವನು ಒಳಗೆ ಕಾಲಿಡುತ್ತಿರಲಿಲ್ಲ. ಡಬ್ಬಿಯ ಹೆಸರನ್ನೂ ಚಿತ್ರವನ್ನೂ ಸರ್ಕಾರದಲ್ಲಿ ನೋಂದಾಯಿಸಿ ಟ್ರೇಡ್‌ಮಾರ್ಕ್ ಮಾಡಿಸಬೇಕೆಂಬ ಮಾತೆತ್ತಿದವನೂ ಅವನೇ.

"ನಾಳೆ ಯಾರಾದ್ರೂ ಇದೇ ಹೆಸರಲ್ಲಿ ಕಸ ಮಾರಿದ್ರೆ ಏನ್ಮಾಡ್ತೀರಿ ಅಕ್ಕ? ಅತ್ತೆ ಹೆಸರಿಗೇ ಮಾಡಿಸ್ತೀನಿ. ಆ ಓಡಾಟ ನನಗೆ ಬಿಡಿ, ನಿಮಗ್ಯಾಕೆ ತಲೆನೋವು."

ಯಂತ್ರ ಬಿಟ್ಟು ಏಳಲು ಪುರುಸೊತ್ತಿಲ್ಲದ ದೊಡ್ಡವಳು ಅದನ್ನು ಅವನಿಗೇ ಬಿಟ್ಟಳು. ಅವನು ಎರಡು ಡಬ್ಬಿ ಕೈಚೀಲಕ್ಕೆ ಹಾಕಿಕೊಂಡು ಹೋದ. ಕೇಳಿದಾಗಲೆಲ್ಲ "ನಡೀತಾ ಇದೆ ಅಕ್ಕ, ಕಚೇರಿ ಕೆಲಸ ಅಂದ್ರೆ ಗೊತ್ತಲ್ಲ" ಎನ್ನುತ್ತಿದ್ದ.

ಅದೇ ವರ್ಷ ತಾಯಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಳು. ಹಗಲೆಲ್ಲ ಚಿಕ್ಕವಳು ಮತ್ತು ಅಳಿಯನೇ ನೋಡಿಕೊಂಡರು. ಅವನು ಚಮಚದಲ್ಲಿ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದುದನ್ನು ಕಂಡು ಪಕ್ಕದ ಹಾಸಿಗೆಯವರು "ಸ್ವಂತ ಮಗನೂ ಹೀಗೆ ಮಾಡಲ್ಲ" ಎಂದರಂತೆ. ತಾಯಿ ಚೇತರಿಸಿಕೊಂಡು ಮನೆಗೆ ಬಂದಳು. ಆದರೆ ಅಳಿಯ ಮಾಲು ಒಯ್ಯುವುದನ್ನು ಕಡಿಮೆ ಮಾಡಿದ, ಬೇರೆ ಕೆಲಸ ಹೆಚ್ಚಾಗಿದೆ ಎಂದ.

ಒಂದು ಬೆಳಿಗ್ಗೆ ಬೀದಿ ಕೊನೆಯ ಕ್ಷೌರದಂಗಡಿಯವನು ಕೆನ್ನೆ ಊದಿಸಿಕೊಂಡು ಬಂದ. ಬಂದವನೇ ಒಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ.

"ಇದಕ್ಕೆ ಏನು ಬೆರೆಸ್ತಿದ್ದೀರಮ್ಮ? ಗೋಡೆ ಸುಣ್ಣಾನಾ? ನನ್ನ ಬಾಯಿ ನೋಡಿ."

ಅವನು ತುಟಿ ಎಳೆದು ತೋರಿಸಿದ. ವಸಡು ಹಸಿಮಾಂಸದಂತೆ ಕೆಂಪಾಗಿ ಬಿರಿದಿತ್ತು. ಹಲ್ಲಿನ ಬುಡದಲ್ಲಿ ಬಿಳಿ ಕೀವು. ದೊಡ್ಡವಳು ಡಬ್ಬಿ ತೆರೆದಳು. ಗುಲಾಬಿ ಬಣ್ಣದ ಪುಡಿ. ಅಗ್ಗದ ಅತ್ತರಿನ ವಾಸನೆ ಮೂಗಿಗೆ ಬಡಿಯಿತು. ಬೆರಳಿಗೆ ಒಂದಿಷ್ಟು ತೆಗೆದುಕೊಂಡು ಹಲ್ಲಿಗೆ ಉಜ್ಜಿದಳು. ಕರಕರ ಮರಳು, ಮೇಲೆ ಸಕ್ಕರೆಯಂಥ ಅಂಟು ಸಿಹಿ, ಅದರಡಿಯಲ್ಲಿ ನಾಲಿಗೆ ಸುಡುವ ಉರಿ. ಬಚ್ಚಲಿಗೆ ಓಡಿ ಉಗಿದಳು. ಎಂಜಲೂ ಗುಲಾಬಿ ಬಣ್ಣ. ಮತ್ತೆ ಮತ್ತೆ ಮುಕ್ಕಳಿಸಿದರೂ ಆ ಸಿಹಿ ಗಂಟಲು ಬಿಡಲಿಲ್ಲ, ಆಗಷ್ಟೇ ಕುಡಿದಿದ್ದ ಕಾಫಿಯೂ ಹೊರಗೆ ಬಂತು.

ಬಾಯಿ ಒರೆಸಿಕೊಂಡು ಬಂದು ಡಬ್ಬಿಯನ್ನು ತಿರುಗಿಸಿ ನೋಡಿದಳು. ಹೆಸರು ಬೊಚ್ಚಮ್ಮನದೇ. ಮುಖವೂ ತಾಯಿಯದೇ. ಆದರೆ ಇದು ತಮ್ಮ ಗೆರೆಚಿತ್ರವಲ್ಲ, ಫೋಟೊ. ತಾಯಿ ಬಾಯಿ ಅಗಲಿಸಿ ನಗುತ್ತಿದ್ದಳು, ಕೆನ್ನೆ ಗುಳಿಬಿದ್ದಿತ್ತು, ಕಣ್ಣು ಜ್ವರದಿಂದ ಹೊಳೆಯುತ್ತಿತ್ತು. ಕಿವಿಯ ಪಕ್ಕದಲ್ಲಿ ಕತ್ತರಿಸಲು ಮರೆತ ಆಸ್ಪತ್ರೆ ದಿಂಬಿನ ನೀಲಿ ಅಂಚು.

ತಾಯಿ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಅವತ್ತು ಆಸ್ಪತ್ರೇಲಿ ನನಗೆ ಉಸಿರಾಡೋಕೇ ಆಗ್ತಿರ್ಲಿಲ್ಲ. 'ನಗಿ ಅತ್ತೆ, ಒಂದ್ಸಲ ನಗಿ, ಮನೇಲಿ ಅಕ್ಕನಿಗೆ ತೋರಿಸಿದ್ರೆ ಸಮಾಧಾನ ಆಗುತ್ತೆ' ಅಂದ. ಏನೇನೋ ಹೇಳಿ ನಗಿಸಿದ. ನಿನಗೋಸ್ಕರ ನಕ್ಕೆ ಕಣೇ ನಾನು."

ದೊಡ್ಡವಳು ಅಂದೇ ಒಬ್ಬ ವಕೀಲೆಯನ್ನು ಹುಡುಕಿಕೊಂಡು ಹೋದಳು. ನೆಗಡಿಯಾಗಿ ಮೂಗು ಕೆಂಪಾಗಿದ್ದ ವಕೀಲೆ ಕರವಸ್ತ್ರ ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಹುಡುಕಿದಳು. ಅರ್ಜಿ ಹಾಕಿದವನು ಅಳಿಯನೇ, ಹಾಕಿದ್ದು ತನ್ನ ಹೆಸರಿಗೆ. ಹೆಸರು ತಾನು ಕಟ್ಟಿದ್ದು, ಚಿತ್ರದಲ್ಲಿರುವ ಮುದುಕಿ ಕಾಲ್ಪನಿಕ, ಅಂಥವರು ಯಾರೂ ಇಲ್ಲ ಎಂದು ಹೇಳಿಕೆ ಕೊಟ್ಟಿದ್ದ.

"ಇನ್ನೂ ನೋಂದಣಿ ಆಗಿಲ್ಲ. ಆಕ್ಷೇಪ ಇದ್ರೆ ಹೇಳಿ ಅಂತ ಪ್ರಕಟಣೆ ಕೊಟ್ಟಿದ್ದಾರೆ ಅಷ್ಟೆ. ಸಮಯ ಇದೆ. ನೀವು ಮೊದಲಿಂದ ಇದೇ ಹೆಸರಲ್ಲಿ ಮಾರ್ತಿದ್ದೀರಿ ಅಂತ ತೋರಿಸಬೇಕು. ಹಳೇ ಡಬ್ಬಿ ಹುಡುಕಿ."

ವಕೀಲೆ ಮುಂದೆ ಹೇಳಿದ್ದು ದೊಡ್ಡವಳ ಕಿವಿಗೆ ಬೀಳಲಿಲ್ಲ. ಗಂಜಿ ಕುಡಿಸಿ ಬಾಯಿ ಒರೆಸಿದ ಕೈಯೇ 'ಅಂಥವರು ಯಾರೂ ಇಲ್ಲ' ಎಂದು ಬರೆದಿತ್ತು. ಅವಳಿಗೆ ಮೈಮೇಲೆ ಏನೋ ಹರಿದಂತಾಯಿತು. ಕುಳಿತಲ್ಲೇ ಅಂಗೈಗಳನ್ನು ಬಟ್ಟೆಗೆ ಉಜ್ಜಿಕೊಂಡಳು.

ಸಂಜೆ ನೇರ ತಂಗಿಯ ಮನೆಗೆ ಹೋದಳು. ನಡುಮನೆಯ ತುಂಬ ಗುಲಾಬಿ ಪುಡಿಯ ಚೀಲಗಳು. ಅದೇ ಅತ್ತರಿನ ವಾಸನೆ ಪರದೆಗೂ ಗೋಡೆಗೂ ಅಂಟಿತ್ತು. ಅಳಿಯ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಅವಳನ್ನು ನೋಡಿ ಮುಖದ ತುಂಬ ನಕ್ಕ.

"ಬನ್ನಿ ಅಕ್ಕ, ಬನ್ನಿ! ಏನೇ, ಅಕ್ಕನಿಗೆ ನೀರು ಕೊಡೇ."

ಚಿಕ್ಕವಳು ನೀರು ತಂದಿಟ್ಟಳು. ಮುಖ ಎತ್ತಲಿಲ್ಲ. ದೊಡ್ಡವಳು ಡಬ್ಬಿಯನ್ನು ಅವನ ಮುಂದಿಟ್ಟು, "ಏನಿದು?" ಎಂದಳು.

"ಓ, ಅದಾ?" ಅವನು ಬೀಗದ ಕೈಯ ತುದಿಯಲ್ಲಿ ಬಂದುದನ್ನು ನೋಡಿ ಪ್ಯಾಂಟಿಗೆ ಒರೆಸಿಕೊಂಡ. "ನಾನೇ ಹೇಳಬೇಕು ಅಂತಿದ್ದೆ. ಇದನ್ನ ಕಳ್ಳತನ ಅಂದ್ಕೋಬೇಡಿ, ಕಾಪಾಡಿದ್ದೀನಿ. ಹೊರಗಿನವರು ಯಾರಾದ್ರೂ ಹೊಡ್ಕೊಂಡು ಹೋಗಿದ್ರೆ? ಈಗ ಮನೇಲೇ ಉಳೀತು ತಾನೆ."

"ಅಮ್ಮ ಅನ್ನೋರೇ ಇಲ್ಲ ಅಂತ ಬರೆದಿದ್ದೀಯಲ್ಲೋ!"

"ಅಯ್ಯೋ, ಅದು ಬರವಣಿಗೆಗೆ ಅಕ್ಕ. ಜೀವಂತ ಇರೋರ ಮುಖ ಅಂದ್ರೆ ಅವರ ಒಪ್ಪಿಗೆ ತನ್ನಿ, ಅದು ತನ್ನಿ, ಇದು ತನ್ನಿ ಅಂತಾರೆ." ಅವನು ಮುಂದಕ್ಕೆ ಬಾಗಿ ದನಿ ಇಳಿಸಿದ. ದನಿಯಲ್ಲಿ ನಿಜಕ್ಕೂ ಪ್ರೀತಿಯಿತ್ತು. "ಆಮೇಲೆ ನೀವೇ ಯೋಚನೆ ಮಾಡಿ. ಅತ್ತೆ ಇನ್ನೆಷ್ಟು ದಿನ ಇರ್ತಾರೆ? ಆವಾಗ ಬರೆದಿದ್ದು ತಾನಾಗೇ ನಿಜ ಆಗುತ್ತೆ. ನೀವು ಮಾತ್ರ ಏನೂ ಯೋಚನೆ ಮಾಡಬೇಡಿ, ನಿಮಗೂ ಹೆಸರು ಬಳಸೋಕೆ ಒಪ್ಪಿಗೆ ಕೊಡ್ತೀನಿ. ನಾನೇನು ಪರಕೀಯನಾ?"

ದೊಡ್ಡವಳಿಗೆ ಬಯ್ಯಲೂ ಮನಸ್ಸು ಬರಲಿಲ್ಲ. ಬಯ್ಯಬೇಕಾದರೆ ಅವನ ಮುಖ ನೋಡಬೇಕಿತ್ತು. ನೀರಿನ ಲೋಟವನ್ನು ಮುಟ್ಟದೆ ಎದ್ದು ಬಂದಳು.

ಮರುದಿನದಿಂದ ಡಬ್ಬಿ ತುಂಬುವ ಹೆಂಗಸರೆಲ್ಲ ಸೇರಿ ಹಳೆಯ ಡಬ್ಬಿ ಹುಡುಕಿದರು. ಬೀದಿಬೀದಿಯ ಮನೆಗಳಲ್ಲಿ ಬೊಚ್ಚಮ್ಮ ಸಿಕ್ಕಳು. ಒಬ್ಬರ ಮನೆಯಲ್ಲಿ ಗುಂಡಿ ತುಂಬಿಕೊಂಡು, ಇನ್ನೊಬ್ಬರಲ್ಲಿ ಮೊಳೆ ತುಂಬಿಕೊಂಡು, ದರ್ಜಿಯ ಮೇಜಿನ ಮೇಲೆ ಸೀಮೆಸುಣ್ಣದ ಚೂರು ತುಂಬಿಕೊಂಡು. ಡಬ್ಬಿಗೆ ಅಂಟಿಸುವ ಮೊದಲ ಚೀಟಿ ಅಚ್ಚು ಹಾಕಿಕೊಟ್ಟ ಮುದ್ರಣಾಲಯದ ಯಜಮಾನ ಸಾಕ್ಷಿ ಹೇಳಲು ಒಪ್ಪಿದ. ವಕೀಲೆ ಆಕ್ಷೇಪಣೆ ಸಲ್ಲಿಸಿದಳು, ಜೊತೆಗೇ ತಾಯಿಯ ಹೆಸರಿನಲ್ಲಿ ಬೇರೆ ಅರ್ಜಿಯನ್ನೂ ಹಾಕಿದಳು.

ವಿಚಾರಣೆ ಬರುವಷ್ಟರಲ್ಲಿ ಗುಲಾಬಿ ಪುಡಿ ಎಲ್ಲ ಕಡೆ ಹರಡಿತ್ತು. ಅಗ್ಗವೆಂದು ಜನ ಕೊಂಡರು, ಬಾಯಿ ಸುಟ್ಟುಕೊಂಡು ಎಸೆದರು. ದೊಡ್ಡವಳು ಪೇಟೆಗೆ ಹೋದಾಗಲೆಲ್ಲ ಚರಂಡಿಯಲ್ಲಿ, ಕಸದ ತೊಟ್ಟಿಯ ಬಳಿ, ಕೊಳೆತ ತರಕಾರಿಯ ನಡುವೆ ತಾಯಿಯ ಮುಖ ಕಾಣುತ್ತಿತ್ತು. ಒಂದು ಡಬ್ಬಿಯ ಮೇಲೆ ಯಾರೋ ಉಗುಳಿದ್ದರು. ಅದನ್ನು ಒರೆಸಲು ಬಗ್ಗಿದವಳು ವಾಸನೆ ತಡೆಯಲಾರದೆ ಹಾಗೇ ಬಿಟ್ಟು ಬಂದಳು. ದಾರಿಯುದ್ದಕ್ಕೂ ಅವಳಿಗೆ ಅವನ ಮೇಲೂ ತನ್ನ ಮೇಲೂ ಒಂದೇ ಸಮನೆ ಹೇಸಿಗೆಯಾಯಿತು.

ವಿಚಾರಣೆಯ ಕೋಣೆ ಚಿಕ್ಕದು. ಗೋಡೆಗೆ ಒತ್ತಿ ಕಡತದ ಕಪಾಟುಗಳು, ಮೇಲೆ ಕಿರಗುಟ್ಟುವ ಫ್ಯಾನು. ಅಳಿಯನ ವಕೀಲ ಬಹಳ ಹೊತ್ತು ಮಾತಾಡಿ, ಹಲ್ಲಿಲ್ಲದ ಮುದುಕಿ ಎನ್ನುವುದು ಜಗತ್ತಿನ ಎಲ್ಲ ಕಡೆಯೂ ಇರುವ ಒಂದು ಕಲ್ಪನೆ, ಅದಕ್ಕೆ ಜೀವಂತ ವ್ಯಕ್ತಿ ಬೇಕಿಲ್ಲ ಎಂದ. ಅಧಿಕಾರಿ ಮುಂದಿದ್ದ ಗುಲಾಬಿ ಡಬ್ಬಿಯನ್ನು ನೋಡಿದ, ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ತಾಯಿಯನ್ನು ನೋಡಿದ.

"ಇವರು ಯಾರು?"

ತಾಯಿ ಎದ್ದು ನಿಂತಳು. ಬಾಯಿ ತೆರೆದಳು. ನಗಲಿಲ್ಲ, ಸುಮ್ಮನೆ ತೆರೆದು ನಿಂತಳು. ಕೋಣೆಯಲ್ಲಿದ್ದವರೆಲ್ಲ ಆ ಬರಿಯ ವಸಡನ್ನು ನೋಡಿ, ಡಬ್ಬಿ ನೋಡಿ, ಕೊನೆಗೆ ಅಳಿಯನ ಕಡೆ ತಿರುಗಿದರು. ಅವನ ವಕೀಲ ಕೆಮ್ಮಿದ. ಅಳಿಯನಿಗೆ ಮಾತ್ರ ಏನೂ ಆಗಲಿಲ್ಲ. ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅದೇ ಆಸ್ಪತ್ರೆಯ ದನಿಯಲ್ಲಿ ಹೇಳಿದ:

"ಅತ್ತೆ, ಸುಸ್ತಾಯ್ತಾ? ನೀರು ಕುಡೀರಿ."

"ಬೇಡಪ್ಪ," ಎಂದಳು ತಾಯಿ. "ನಿನ್ನ ಕಲ್ಪನೆಗೆ ಬಾಯಾರಿಕೆ ಆಗಲ್ಲ."

ಹಳೆಯ ಡಬ್ಬಿಗಳು, ಮುದ್ರಣಾಲಯದವನ ಸಾಕ್ಷಿ, ಎಲ್ಲ ಸೇರಿ ಅಳಿಯನ ಅರ್ಜಿ ತಿರಸ್ಕಾರವಾಯಿತು. ಕೆಲವು ತಿಂಗಳ ನಂತರ ಹೆಸರೂ ಗೆರೆಚಿತ್ರವೂ ತಾಯಿಯ ಹೆಸರಿಗೆ ನೋಂದಣಿಯಾದವು. ಗುಲಾಬಿ ಪುಡಿ ಅಂಗಡಿಗಳಿಂದ ಮಾಯವಾಯಿತು. ಆದರೆ ಬಾಯಿ ಸುಟ್ಟುಕೊಂಡವರು ಅಷ್ಟು ಬೇಗ ಮರೆಯಲಿಲ್ಲ, "ಬೊಚ್ಚಮ್ಮನಾ? ಬೇಡಪ್ಪ" ಎಂದು ಡಬ್ಬಿ ಹಿಂದಕ್ಕೆ ತಳ್ಳುವವರು ಬಹಳ ಕಾಲ ಇದ್ದರು. ಕ್ಷೌರದಂಗಡಿಯವನು ಮಾತ್ರ ಮತ್ತೆ ಬಂದು ಒಯ್ದ, ಮೂಸಿ ನೋಡಿಯೇ ಒಯ್ದ.

ಒಂದು ದಿನ ಚಿಕ್ಕವಳು ಪುಡಿಯ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. "ಅಕ್ಕ, ಕೆಲಸಕ್ಕೆ ಬರ್ಲಾ?"

ದೊಡ್ಡವಳು ಯಂತ್ರ ನಿಲ್ಲಿಸಿದಳು. "ನಿನಗೆ ಗೊತ್ತಿತ್ತಾ?"

ಚಿಕ್ಕವಳು ಹೊಸ್ತಿಲ ಮೇಲೆ ಬಿದ್ದಿದ್ದ ಪುಡಿಯನ್ನು ಕಾಲಿನಿಂದ ಒತ್ತರಿಸಿದಳು. "ಆಸ್ಪತ್ರೇಲಿ ಇವರು ಫೋಟೊಗೆ ಬೆಳಕು ಸಾಲಲ್ಲ ಅಂದ್ರು. ಕಿಟಕಿ ಪರದೆ ಸರಿಸಿದ್ದು ನಾನೇ."

ದೊಡ್ಡವಳು ಯಂತ್ರದ ಕಡೆ ತಿರುಗಿದಳು. ಹೋಗು ಎನ್ನಬೇಕೆಂದುಕೊಂಡಳು. ಒಳಗಿನಿಂದ ತಾಯಿ, "ಯಾರೇ ಅದು? ಚಿಕ್ಕೋಳಾ? ಒಳಗೆ ಬರೋಕೆ ಹೇಳು" ಎಂದು ಕೂಗಿದಳು. ತಾಯಿಯ ದನಿಯಲ್ಲಿದ್ದ ಆಸೆಯನ್ನು ಮೆಟ್ಟಲು ದೊಡ್ಡವಳಿಂದ ಆಗಲಿಲ್ಲ. ಚೀಟಿಗಳ ಕಟ್ಟನ್ನೂ ಗೋಂದಿನ ಬಟ್ಟಲನ್ನೂ ತಂಗಿಯ ಮುಂದೆ ಸರಿಸಿದಳು.

ಈಗ ಅಕ್ಕತಂಗಿಯರು ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಾರೆ, ಬೇಕಾದಷ್ಟೇ ಮಾತಾಡುತ್ತಾರೆ. ಸಂಜೆ ಅಳಿಯ ಹೆಂಡತಿಯನ್ನು ಕರೆದೊಯ್ಯಲು ಬರುತ್ತಾನೆ. ಒಳಗೆ ಬರುವುದಿಲ್ಲ. ಬೀದಿಯಲ್ಲೇ ಸ್ಕೂಟರ್ ನಿಲ್ಲಿಸಿ, ಕಿಟಕಿಯ ಕಡೆ ಕತ್ತೆತ್ತಿ, ಏನೂ ನಡೆದೇ ಇಲ್ಲವೆಂಬಂತೆ ಕೈ ಬೀಸುತ್ತಾನೆ. "ಅಕ್ಕಾ, ಚೆನ್ನಾಗಿದ್ದೀರಾ? ಮಾಲು ತಲುಪಿಸೋಕೆ ಯಾರಾದ್ರೂ ಬೇಕಿದ್ರೆ ಹೇಳಿ, ನಾನಿದ್ದೀನಿ!"

ದೊಡ್ಡವಳು ಎದ್ದು ಹೋಗಿ ಕಿಟಕಿ ಮುಚ್ಚುತ್ತಾಳೆ.

"ಈ ಸೆಕೇಲಿ ಯಾಕೆ ಮುಚ್ತೀಯೇ?" ಎನ್ನುತ್ತಾಳೆ ತಾಯಿ.

"ನಾತ ಬರುತ್ತೆ" ಎಂದು ಹೇಳಿ, ಅವಳು ಯಂತ್ರದ ಬಳಿ ಹೋಗಿ ನಿಲ್ಲುತ್ತಾಳೆ. ಚಿಕ್ಕವಳು ತಲೆ ಎತ್ತದೆ ಇನ್ನೊಂದು ಡಬ್ಬಿಗೆ ಚೀಟಿ ಅಂಟಿಸುತ್ತಾಳೆ.