ಅಪ್ಪನ ಬಲತೋಳಿನ ಅಳತೆ

ಯುಗಾದಿಯ ದಿನ ಚೌಡೇಶ್ವರಿ ಗುಡಿಯ ಮುಂದೆ, ಇಡೀ ನೇಕಾರ ಬೀದಿ ನೋಡುತ್ತಿರುವಾಗ, ನನ್ನ ಅಪ್ಪ ನನ್ನ ಮಾನ ಕಳೆದರು. ಚಿಕ್ಕಪ್ಪ ಕುಪ್ಪಸಾಮಿ, ನಾನು ಹೊಲಿದುಕೊಟ್ಟಿದ್ದ ಅಪ್ಪನ ಹೊಸ ಅಂಗಿಯ ಬಲತೋಳನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಏನಣ್ಣ ಇದು, ಸಟ್ಟೆ ತೋಳು ಲೊಳಲೊಳ ಅಂತದೆ?" ಎಂದರು. ಅಪ್ಪ ಒಂದು ಗಳಿಗೆಯೂ ಯೋಚಿಸದೆ, "ನಮ್ಮ ಮಗಳು ಮಲ್ಲಿಗಾ ಕೈ ಮೊದಲಿನಂಗಿಲ್ಲಪ್ಪ. ತಿರುಪ್ಪೂರು ಕಂಪನಿ ಸೇರಿ ಕಟಿಂಗು ಕೆಟ್ಟೋಯ್ತು" ಎಂದುಬಿಟ್ಟರು.

ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದವಳು ನಾನು. ಮೊದಲ ಸ್ಯಾಂಪಲ್ಲು ಕತ್ತರಿಸಲು ಬಟ್ಟೆ ಕಂಪನಿಯಲ್ಲಿ ಇವತ್ತಿಗೂ ನನ್ನನ್ನೇ ಕರೆಯುತ್ತಾರೆ. ಊರೆಲ್ಲ ಒಪ್ಪಿದ ಕೈಯನ್ನು ಹೆತ್ತ ಅಪ್ಪನೇ ಹಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಪ್ರಸಾದದ ಪೊಂಗಲನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ನಮ್ಮ ಕಸುಬಿನ ದೊಡ್ಡ ಸುಳ್ಳು ಯಾವುದು ಗೊತ್ತೇ? ಮನುಷ್ಯನ ಎಡವೂ ಬಲವೂ ಒಂದೇ ಎಂಬುದು. ಬಟ್ಟೆಯನ್ನು ಮಡಚಿ ಹಾಸುತ್ತೇವೆ, ಅರ್ಧ ಮನುಷ್ಯನನ್ನು ಕತ್ತರಿಸುತ್ತೇವೆ, ಉಳಿದರ್ಧ ತಾನಾಗಿ ಬರುತ್ತದೆ. ಹಾಗೆ ಬರುವುದು ಅಂಗಡಿಯ ಗೊಂಬೆಗೆ ಮಾತ್ರ. ನಿಜವಾದ ಮನುಷ್ಯರಲ್ಲಿ ಒಂದು ಹೆಗಲು ಇಳಿದಿರುತ್ತದೆ, ಒಂದು ಪಾದ ದೊಡ್ಡದಿರುತ್ತದೆ, ಒಂದು ಕಿವಿ ಮೇಲಿರುತ್ತದೆ. ಬಿಂದಿಗೆ ಹೊತ್ತ ಹೆಂಗಸಿನ ಸೊಂಟ ಒಂದು ಕಡೆಗೆ ವಾಲಿರುತ್ತದೆ. ಪೋತ್ತನೂರಿನ ರೈಲ್ವೆ ಶೆಡ್ಡಿನಲ್ಲಿ ಸುತ್ತಿಗೆ ಹಿಡಿಯುವವನ ಒಂದು ತೋಳು ಇನ್ನೊಂದರ ಅಣ್ಣನ ಹಾಗಿರುತ್ತದೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗುವವರು ಮನೆಗೆ ಹೋಗಿ ಟೇಪು ಹಿಡಿದು ನೋಡಿಕೊಳ್ಳಲಿ, ಆಮೇಲೆ ನನ್ನ ಹತ್ತಿರ ಮಾತಾಡಲಿ.

ಅಪ್ಪ ರಂಗಸಾಮಿ ನಲವತ್ತೈದು ವರ್ಷದಿಂದ, ಗುಂಡಿಗೆ ಕಾಲು ಇಳಿಬಿಟ್ಟು ಕುಳಿಮಗ್ಗದಲ್ಲಿ ಕೂತವರು. ಬಲಗೈ ಮೇಲಿನ ಹಗ್ಗ ಜಗ್ಗಿ ಲಾಳಿ ಓಡಿಸುತ್ತದೆ, ಎಡಗೈ ಹಣಿಗೆ ಎಳೆದು ಎಳೆಯನ್ನು ಬಡಿಯುತ್ತದೆ. ಹಗ್ಗ ಜಗ್ಗಿ ಜಗ್ಗಿ, ನಾನು ಅಳೆಯಲು ಶುರುಮಾಡಿದಾಗಲೇ ಅವರ ಬಲತೋಳು ಎಡಕ್ಕಿಂತ ಒಂದು ಇಂಚು ದಪ್ಪವಿತ್ತು. ಅಂಗಡಿಯ ಅಂಗಿ ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಅವರಿಗೋ ತೋಳಿಗೆ ಅಂಟಿದಂತೆ ಕೂರುವ ಅಂಗಿಯೇ ಬೇಕು. ಅದಕ್ಕೇ ಪ್ರತಿ ಯುಗಾದಿಗೆ ನಾನೇ ಬಂದು ಎರಡೂ ಕಡೆ ಅಳೆದು, ಪುಸ್ತಕದಲ್ಲಿ ಬರೆದುಕೊಂಡು, ಎರಡು ತೋಳನ್ನೂ ಬೇರೆ ಬೇರೆ ಕತ್ತರಿಸಿ ಹೊಲಿಯುತ್ತಿದ್ದೆ. ಈ ವರ್ಷ ಮಾತ್ರ ಅವರು ಟೇಪು ಮುಟ್ಟಿಸಿಕೊಳ್ಳಲಿಲ್ಲ.

"ವರ್ಷಾ ವರ್ಷಾ ಬೆಳ್ಯಾಕೆ ನಾನೇನು ಮಗುವಾ? ಹೋದ ವರ್ಷದ ಅಳವಿಗೇ ಹೊಲಿ" ಎಂದಿದ್ದರು. ಹಾಗೇ ಹೊಲಿದೆ. ಒಂದು ನೂಲೂ ಹೆಚ್ಚುಕಡಿಮೆ ಇಲ್ಲ.

ಗುಡಿಯಿಂದ ಮನೆಗೆ ಬಂದವಳೇ ಪುಸ್ತಕ ತೆಗೆದು ತೋರಿಸಿದೆ. ಅಪ್ಪ ಅದನ್ನು ಪಕ್ಕಕ್ಕೆ ಸರಿಸಿದರು. ಅಮ್ಮ ನಾಚಿಯಮ್ಮ ಒಲೆಯ ಮುಂದಿನಿಂದಲೇ, "ಹಬ್ಬದ ದಿನಾನೂ ಅಪ್ಪ ಮಗಳಿಗೆ ಸಂಡೆಯಾ? ಜಗಳ ಆಡೋಕೆ ಬೇರೆ ದಿನ ಇಲ್ವಾ?" ಎಂದು ಗೊಣಗಿದರು.

"ಕೈ ಚಾಚಿ ಅಪ್ಪ, ಒಂದ್ ನಿಮಿಷ ಅಳಿತೀನಿ. ತಪ್ಪು ನಂದಾದ್ರೆ ನಾನೇ ಒಪ್ಕೊಳ್ತೀನಿ."

"ನಾಳೆ ನೋಡಣ."

"ನಾಳೆ ಯಾಕೆ?"

"ನಾಳೆ ಅಂದ್ರೆ ನಾಳೆ" ಎಂದು ಹೆಗಲ ಮೇಲಿನ ಟವೆಲನ್ನು ಬಲತೋಳಿನ ಮೇಲೆ ಇಳಿಬಿಟ್ಟುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಆಗಲೇ ತಿಳಿಯಬೇಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ನನ್ನ ಕತ್ತರಿಯ ಹೆಸರು ಮಾತ್ರ.

ಮಾರನೆಯ ದಿನ ಬೆಳಿಗ್ಗೆ, ಅವರು ಮಗ್ಗಕ್ಕೆ ಇಳಿದ ಮೇಲೆ ಎದ್ದು ಓಡಲಾರರು ಎಂದು ಲೆಕ್ಕ ಹಾಕಿ, ಟೇಪು ಹಿಡಿದು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪ ಹಗ್ಗವನ್ನು ಎಡಗೈಯಲ್ಲಿ ಜಗ್ಗುತ್ತಿದ್ದರು. ಬಲಗೈ ಕೆಳಗೆ ಹಣಿಗೆಯ ಮೇಲೆ ಕೂತಿತ್ತು, ಮೈಯನ್ನೇ ಹಿಂದಕ್ಕೆ ವಾಲಿಸಿ ಹಣಿಗೆ ಎಳೆಯುತ್ತಿದ್ದರು. ನೇಕಾರ ಬೇಕಾದರೆ ಊರು ಬದಲಿಸುತ್ತಾನೆ, ಕೈ ಬದಲಿಸುವುದಿಲ್ಲ.

"ಯಾವಾಗಿಂದ ಇದು?" ಎಂದೆ.

ಹಿಂದೆ ಬಂದು ನಿಂತಿದ್ದ ಅಮ್ಮ, "ಪೊಂಗಲ್ ಹಬ್ಬದ ಮುಂಚೆ ಇಂದಲೇ ಹಿಂಗೆ. ಬಲಗೈಗೆ ಓಯ್ವು ಕೊಡ್ತಾ ಇದೀನಿ ಅಂದ್ರು. ನಾನೂ ಸರಿ ಅಂತ ಬಿಟ್ಟೆ" ಎಂದರು.

ಬಲಗೈಗೆ ವಿಶ್ರಾಂತಿಯಂತೆ! ಕೇಳಿ ತಲೆ ಚಚ್ಚಿಕೊಳ್ಳಬೇಕೆನಿಸಿತು. "ಹಗ್ಗ ಹಿಡಿದು ತೋರ್ಸಿ" ಎಂದೆ. ಅಪ್ಪ ಬಲಗೈ ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಎಡಗೈ ಅದನ್ನು ಹಿಡಿದೆತ್ತಿತು. ಟೇಪು ಸುತ್ತಿದೆ. ಬಲ ಒಂಬತ್ತೂವರೆ. ಎಡ ಹತ್ತೂಮುಕ್ಕಾಲು. ಮತ್ತೆ ಸುತ್ತಿದೆ. ಅಷ್ಟೇ.

"ಎಲ್ಲರ ಮುಂದೆ ನನ್ನ ಕಟಿಂಗು ಕೆಟ್ಟದು ಅಂದ್ರಲ್ಲ ಅಪ್ಪ?"

"ಇನ್ನೇನು ಹೇಳ್ಳಿ? ಕೈ ಹೋಯ್ತು ಅಂದ್ರೆ ಕೂಲಿಗೆ ನೇಯಾಕೆ ನೂಲು ಕೊಡೋರು ಇನ್ಮೇಲೆ ಕೊಡ್ತಾರಾ?"

ಕೋಪ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಅವತ್ತೇ ಅವರನ್ನು ಕೊಯಮತ್ತೂರಿನ ಬಸ್ಸು ಹತ್ತಿಸಿದೆ. ಆ ಕೈ ಉಳಿಯಬೇಕು, ಇನ್ನು ಯಾರು ಏನಾದರೂ ಅಂದುಕೊಳ್ಳಲಿ ಎಂದು ದಾರಿಯುದ್ದಕ್ಕೂ ಚೌಡೇಶ್ವರಿಗೆ ಹೇಳಿಕೊಂಡೆ. ಅಪ್ಪ ಕಿಟಕಿಯ ಪಕ್ಕ ಕೂತು, ಮಗ್ಗದಲ್ಲಿ ಅರ್ಧಕ್ಕೆ ನಿಂತ ಸೀರೆಯ ಬಗ್ಗೆ ನನ್ನನ್ನು ಬೈಯುತ್ತಲೇ ಇದ್ದರು.

ನರದ ಡಾಕ್ಟರು ನಡುವಯಸ್ಸಿನ ಹೆಂಗಸು. ಅಪ್ಪನ ಎರಡೂ ಕೈ ಎಳೆಸಿದರು, ತಳ್ಳಿಸಿದರು, ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಕತ್ತಿನ ಸ್ಕ್ಯಾನು ತೆಗೆಸಿದರು. ಕತ್ತಿನಲ್ಲಿ ನರ ಅಮುಕಿಕೊಂಡಿದೆ, ತೋಳಿನ ಮಾಂಸ ಕರಗುತ್ತಿದೆ ಎಂದು ತಮಿಳಿನಲ್ಲಿ ಹೇಳಿದರು. "ಎರಡು ಕಡೆಯೂ ಯಾರಿಗೂ ಸಮ ಇರುವುದಿಲ್ಲ. ಇವರಿಗೆ ಮೊದಲು ಬಲತೋಳು ಎಷ್ಟು ದಪ್ಪವಿತ್ತು, ಎಡತೋಳು ಎಷ್ಟಿತ್ತು ಎಂದು ತಿಳಿದರೆ ಯಾವಾಗ ಶುರುವಾಯಿತೆಂದು ಹೇಳಬಹುದಿತ್ತು. ಅದನ್ನು ಯಾರು ಬರೆದಿಟ್ಟಿರುತ್ತಾರೆ?"

"ಯಾವಾಗಲೂ ಹೀಗೇ ಇತ್ತು, ಡಾಕ್ಟ್ರಮ್ಮ" ಎಂದರು ಅಪ್ಪ. ಆ ಸುಳ್ಳಿಗೆ ನನಗೆ ಮೈ ಉರಿದು, ಚೀಲದಿಂದ ಪುಸ್ತಕ ಎಳೆದು ಡಾಕ್ಟರ ಮೇಜಿನ ಮೇಲೆ ಹಾಕಿದೆ.

ಮನೆಮಾತು ಕನ್ನಡವಾದರೂ ನಾನು ಶಾಲೆಯಲ್ಲಿ ಕಲಿತದ್ದು ತಮಿಳು; ಅದರಲ್ಲಿ ಇದ್ದದ್ದೆಲ್ಲ ತಮಿಳಿನಲ್ಲೇ, ಓದಲು ಅವರಿಗೆ ಕಷ್ಟವಾಗಲಿಲ್ಲ. ಹಾಳೆ ಹಾಳೆ ತಿರುವಿ ಬಲತೋಳಿನ ಅಳತೆಯನ್ನು ಮಾತ್ರ ಒಂದು ಚೀಟಿಯ ಮೇಲೆ ಇಳಿಸಿಕೊಂಡರು. ಹನ್ನೊಂದೂವರೆ. ಹನ್ನೊಂದೂವರೆ. ಹನ್ನೊಂದೂಕಾಲು. ಹನ್ನೊಂದು. ಹತ್ತೂಮುಕ್ಕಾಲು. ಹತ್ತೂಕಾಲು. ಒಂದರ ಕೆಳಗೊಂದು ಬರೆದಾಗ ಅದು ಇಳಿಯುತ್ತಾ ಬಂದದ್ದು ಕಣ್ಣಿಗೆ ಹೊಡೆಯಿತು. ನಾನು ಆ ಅಂಕಿಗಳನ್ನು ಹಾಗೆ ಯಾವತ್ತೂ ಓದಿರಲಿಲ್ಲ. ಆ ವರ್ಷದ ಅಂಕಿ ಆ ವರ್ಷದ ಅಂಗಿಗೆ, ಅಷ್ಟೇ. ಕಾಲಿಂಚು ಕಡಿಮೆಯಾದರೆ ಕಾಲಿಂಚು ಕಡಿಮೆ ಕತ್ತರಿಸಿದೆ. ಕನ್ನಡಿಯ ಮುಂದೆ ನಿಲ್ಲಿಸಿ, ಎಷ್ಟು ಚೆನ್ನಾಗಿ ಕೂತಿದೆ ನೋಡಿ ಎಂದು ಬೀಗಿದೆ. ಅಂಗಡಿಯ ಅಂಗಿ ತೊಟ್ಟಿದ್ದರೆ ಎರಡು ವರ್ಷದ ಹಿಂದೆಯೇ ಬಲತೋಳಿನ ಬಿಗಿ ಹೋಗಿ ಜೋಲುತ್ತಿತ್ತು, ಚಿಕ್ಕಪ್ಪ ಅವತ್ತೇ ಹಿಡಿದೆತ್ತಿ ಕೇಳುತ್ತಿದ್ದರು.

"ನಾಲ್ಕು ವರ್ಷ ಆಗಿದೆ" ಎಂದರು ಡಾಕ್ಟರು. "ಆಪರೇಷನ್ ಮಾಡಿದರೆ ಉಳಿದಿರುವುದನ್ನು ಉಳಿಸಬಹುದು. ಹೋಗಿರುವುದು ಬರುತ್ತದೆ ಎಂದು ನಾನು ಹೇಳಲಾರೆ. ಮೊದಲೇ ಬಂದಿದ್ದರೆ ಮಾತು ಬೇರೆ ಇತ್ತು."

ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಡಾಕ್ಟರು ಪುಸ್ತಕವನ್ನು ಮತ್ತೊಮ್ಮೆ ತಿರುವಿ, ಇಷ್ಟು ಅಚ್ಚುಕಟ್ಟಾಗಿ ಅಳೆದವರು ಯಾರು ಎಂದು ಕೇಳಿದರು.

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. "ನನ್ನ ಮಗಳು" ಎಂದರು. "ಕಾಲಿಂಚೂ ತಪ್ಪಿಲ್ಲ, ನೋಡಿ."