ಸರದಾರನ ಭಾಷೆ

ಕಚೇರಿಯಿಂದ ನಿವೃತ್ತರಾದ ಮೇಲೆ ವೈಜಿನಾಥರ ಮಾತು ಕೇಳುವವರು ಕಡಿಮೆಯಾದರು. ಮಾತು ಮಾತ್ರ ಕಡಿಮೆಯಾಗಲಿಲ್ಲ. ಬೀದರಿನ ಮೈಲೂರಿನಲ್ಲಿ ಅವರು ಬಾಯಿ ತೆರೆದರೆ ಪಕ್ಕದ ಓಣಿಯವರು ಟಿ.ವಿ. ಜೋರು ಮಾಡಿಕೊಳ್ಳುತ್ತಿದ್ದರು. ಅಪ್ಪಣೆ ಕೊಟ್ಟರೆ ಎದ್ದು ನಿಲ್ಲುವ ಜೀವ ಒಂದಾದರೂ ಮನೆಯಲ್ಲಿರಲಿ ಎಂದು ಅವರು ಭಾಲ್ಕಿಗೆ ಹೋಗಿ, ಹಳೆಯ ಸ್ನೇಹಿತ ಬದ್ರೋದ್ದೀನರ ಮನೆಯಿಂದ ಒಂದು ನಾಯಿ ತಂದರು. ಮೈಯೆಲ್ಲ ಬಿಳುಪು, ಕಣ್ಣು ನೀಲಿ, ಹೆಸರು ಸರದಾರ.

ಸರದಾರ ಬಂದ ದಿನದಿಂದಲೂ ಕರೆದರೆ ತಿರುಗಿ ನೋಡಲಿಲ್ಲ. ಕುಕ್ಕರ್ ಸೀಟಿ ಹೊಡೆದರೂ, ಬೀದಿಯಲ್ಲಿ ಮದುವೆಯ ಪಟಾಕಿ ಸಿಡಿದರೂ ಕಾಲು ಚಾಚಿ ನಿದ್ದೆ.

"ಆಫೀಸರ್ ಖದರ್ ಅದ ನೋಡ್ರಿ," ಎಂದು ವೈಜಿನಾಥರು ಬಂದವರಿಗೆಲ್ಲ ಹೇಳಿದರು. "ಸಣ್ಣಪುಟ್ಟ ಸಪ್ಪಳಕ್ಕ ಎದ್ದೇಳೋ ಪೈಕಿ ಅಲ್ಲ ಇದು."

ಆದರೆ ಒಮ್ಮೆ ಬೊಗಳಲು ಹಿಡಿದರೆ ಮುಗಿಯಿತು. ಬೇರೆ ನಾಯಿಗಳು ನಾಲ್ಕು ಸಲ ಬೊಗಳಿ, ಆಚೆ ಓಣಿಯ ನಾಯಿ ಏನೆನ್ನುತ್ತದೆ ಎಂದು ಕಿವಿ ನಿಮಿರಿಸಿ ಕೇಳಿ, ಆಮೇಲೆ ಮುಂದಿನ ಮಾತಾಡುತ್ತವೆ. ಸರದಾರನಿಗೆ ಅಂಥ ಮರ್ಯಾದೆ ಇರಲಿಲ್ಲ. ಏರಿಲ್ಲ, ಇಳಿತವಿಲ್ಲ, ಗಂಟಲು ಹರಿಯುವ ಹಾಗೆ ಒಂದೇ ಸಮನೆ. ನಾಯಿ ಬೊಗಳಿದರೆ ದೇವಲೋಕ ಹಾಳಾಗದು ಎನ್ನುತ್ತಾರೆ. ಮೈಲೂರಿನ ನಿದ್ದೆ ಹಾಳಾಯಿತು. ಒಂದು ದಿನ ಓಣಿಯ ಜನ ಅಂಗಳಕ್ಕೇ ಬಂದರು.

"ರವಿವಾರದೊಳಗ ಇದರ ಬಾಯಿ ಮುಚ್ಚಸ್ರಿ," ಎಂದರು ಪಕ್ಕದ ಮನೆಯ ಸುಶೀಲಕುಮಾರ. "ಇಲ್ಲಾಂದ್ರ ಔರಾದ ಕಡಿ ನಮ್ಮ ತಮ್ಮ ನರಸಿಂಗನ ಹೊಲ ಅದ, ಅಲ್ಲಿ ಬಿಟ್ಟು ಬರೋಣ."

"ನನ್ನ ಒಂದ ಮಾತಿಗಿ ಸುಮ್ಮನಾಗ್ತದ, ಬಂದು ನೋಡ್ರಿ," ಎಂದುಬಿಟ್ಟರು ವೈಜಿನಾಥರು.

ಅಂದದ್ದೇನೋ ಅಂದಾಯಿತು. ನಾಯಿ ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಸಂಜೆ ಅವರು ಕುರ್ಚಿ ಹಾಕಿಕೊಂಡು ಕೂತರೆ ಅದು ಬಂದು ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಅದರ ಮೇಲೆ ಅವರಿಗೆ ಜೀವ ಬಿದ್ದಿತ್ತು. ಓಣಿಯವರ ಮುಂದೆ ಇಜ್ಜತ್ತಿನ ಪ್ರಶ್ನೆ ಬೇರೆ.

ಕೂತು ಯೋಚಿಸಿ ಕಾರಣ ಕಂಡುಹಿಡಿದರು. ಬದ್ರೋದ್ದೀನರ ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ಪಾಪ, ನಾಯಿಗೆ ಕನ್ನಡ ಹೇಗೆ ತಿಳಿಯಬೇಕು? ಎದುರು ಮನೆಯ ಹಮೀದುನ್ನಿಸಾ ಅವರನ್ನು ಕರೆಸಿದರು. ಆಕೆ ಬೆಣ್ಣೆಯಂಥ ದನಿಯಲ್ಲಿ, "ಚುಪ್ ಬೈಠೋ ಬೇಟಾ," ಎಂದರು. ಸರದಾರ ಆಕೆಯ ನಗುಮುಖ ನೋಡಿ ಬಾಲ ಆಡಿಸಿತು, ಬೊಗಳುವುದು ಬಿಡಲಿಲ್ಲ.

"ಇಸ್ಕು ಉರ್ದು ನೈಂ ಆತಿ, ಭಾಯಿಸಾಬ್," ಎಂದು ಆಕೆ ನಾಯಿಗೆ ಉರ್ದು ಬಾರದೆಂಬ ತೀರ್ಪು ಕೊಟ್ಟರು. "ಭಾಲ್ಕಿ ಕಡೀದು ಅಂದ್ರ ಮರಾಠಿ ಇರಬೇಕು."

ವೈಜಿನಾಥರು ಮರಾಠಿಯಲ್ಲಿ ಗದರಿಸಿದರು. ಜಹೀರಾಬಾದ ಕಡೆಯ ಹಾಲಿನವನಿಂದ ತೆಲುಗಿನಲ್ಲೂ ಹೇಳಿಸಿದರು. ಮೂರು ರಾಜ್ಯ ಕೂಡುವ ಸೀಮೆಯಲ್ಲಿ ಒಂದು ನಾಯಿಗೆ ಮಾತೃಭಾಷೆ ಸಿಗಲಿಲ್ಲ.

ರವಿವಾರ ಓಣಿ ನೆರೆಯಿತು. ವೈಜಿನಾಥರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜನರನ್ನು ಕಂಡು ಬೊಗಳುತ್ತಿದ್ದ ನಾಯಿಯ ಎದುರು ನಿಂತು, "ಚುಪ್," ಎಂದರು. ಅದು ಅವರ ಬಾಯಿಯನ್ನೇ ನೋಡಿತು. "ಗಪ್ ಬಸ್," ಎಂದು ಮರಾಠಿಯಲ್ಲಿ ಹೇಳಿದರು. ಕೊನೆಗೆ ಕಚೇರಿಯ ದನಿ ತೆಗೆದು, "ಸುಮ್ಮನಿರು," ಎಂದು ಕಿರುಚಿದರು. ಬಾಯಿ ಅಗಲವಾದಷ್ಟೂ, ಹಲ್ಲು ಕಂಡಷ್ಟೂ ಸರದಾರ ಹಿಂದೆ ಸರಿದು ಬೊಗಳಿತು. ಇವರೂ ನಿಲ್ಲಿಸಲಿಲ್ಲ, ಅದೂ ನಿಲ್ಲಿಸಲಿಲ್ಲ. ಯಾರು ಯಾರಿಗೆ ಬೊಗಳುತ್ತಿದ್ದಾರೆಂದು ತಿಳಿಯದೆ ಜನ ನಕ್ಕರು. ವೈಜಿನಾಥರಿಗೆ ಅಳುವೇ ಬಂದಂತಾಯಿತು.

ಆಗ ಅವರ ಹೆಂಡತಿ ಸುಭದ್ರಾಬಾಯಿ ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಬಾಯಿ ತೆರೆಯಲಿಲ್ಲ. ಹಿಮ್ಮಡಿಯಿಂದ ನೆಲಕ್ಕೊಮ್ಮೆ ಕುಟ್ಟಿದರು. ಸರದಾರ ಗಕ್ಕನೆ ಅವರ ಕಡೆ ತಿರುಗಿತು. ಅಂಗೈ ಕೆಳಗೆ ಮಾಡಿ ತೋರಿಸಿದರು, ಕುಳಿತಿತು. ತುಟಿಯ ಮೇಲೆ ಬೆರಳಿಟ್ಟರು, ಬಾಯಿ ಮುಚ್ಚಿತು.

"ಅದಕ್ಕ ಕಿವಿ ಕೇಳಸಲ್ಲರಿ," ಎಂದು ಆಮೇಲೆ ಜನರಿಗೆ ಹೇಳಿದರು. "ತನ್ನ ದನೀನೇ ತನಗ ಕೇಳಸಲ್ಲ, ಎಷ್ಟು ಜೋರದ ಅಂತ ಹ್ಯಾಂಗ ತಿಳೀಬೇಕು? ನೆಲ ಅದರಿದ್ರ ತಿಳೀತದ, ಕೈ ನೋಡಿದ್ರ ತಿಳೀತದ, ಮಾರಿ ನೋಡಿದ್ರ ತಿಳೀತದ. ಇಷ್ಟಕ್ಕ ಔರಾದಿಗಿ ಯಾಕ ಕಳಸ್ತೀರಿ?"

ಸುಶೀಲಕುಮಾರ ಮತ್ತೆ ಔರಾದಿನ ಮಾತೆತ್ತದೆ ಚಪ್ಪಲಿ ಮೆಟ್ಟಿದರು. ಜನ ಚದುರಿದರು. ನಾಯಿ ಉಳಿಯಿತಲ್ಲ ಎಂದು ವೈಜಿನಾಥರ ಜೀವ ತಣ್ಣಗಾಯಿತು, ಆದರೆ ನಾಲ್ಕು ಮಂದಿಯ ಮುಂದೆ ಆದ ಅವಮಾನ ತಣ್ಣಗಾಗಲಿಲ್ಲ. ಅದು ಹೆಂಡತಿಯ ಮೇಲೆ ತಿರುಗಿತು.

"ನಿನಗ ಯಾವಾಗಿಂದ ಗೊತ್ತದ?"

"ಅದು ಬಂದ ಮರುದಿನದಿಂದರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳೀನರಿ. ಎರಡು ಸಲ ಹೇಳೀನಿ."

ವೈಜಿನಾಥರು ಉತ್ತರ ಕೊಡಲು ಬಾಯಿ ತೆರೆದರು. ಸರದಾರ ಆ ಬಾಯಿ ನೋಡಿ ಸುಭದ್ರಾಬಾಯಿಯ ಸೀರೆಯ ಹಿಂದೆ ಸರಿಯಿತು. ವೈಜಿನಾಥರು ಬಾಯಿ ಮುಚ್ಚಿಕೊಂಡು ಕುರ್ಚಿಯ ಮೇಲೆ ಕುಳಿತರು. ಹೇಳುವುದು ಬಹಳವಿತ್ತು, ಆದರೆ ಈ ಸಲ ಕೇಳುವ ಸರದಿ ತಮ್ಮದು ಎಂದುಕೊಂಡರು. ಸುಭದ್ರಾಬಾಯಿ ಕೈ ತೊಳೆದುಕೊಂಡು ಬಂದು ಅವರ ಎದುರಿಗೆ ಕುಳಿತರು.