ಶ್ರಾವಣಕ್ಕೂ ಆಗುವ ಮಾತ್ರೆ

ಈರಕ್ಕನಿಗೆ ಥೈರಾಯ್ಡ್ ಕಡಿಮೆಯೆಂದು ಕಲ್ಯಾಣದುರ್ಗದ ಡಾಕ್ಟರು ಕೊಟ್ಟಿದ್ದ ಮಾತ್ರೆ ಪ್ರಾಣಿಯ ಕತ್ತಿನ ಗ್ರಂಥಿಯಿಂದ ಮಾಡಿದ್ದಂತೆ. ಅದು ತಿಳಿದದ್ದೇ, ಶ್ರಾವಣದಲ್ಲಿ ಮಾಂಸ ಮುಟ್ಟದ ಅವಳು ತಿಂಗಳಿಡೀ ಮಾತ್ರೆಯನ್ನೂ ಬಿಟ್ಟಳು. ಮುಖ ಊದಿಕೊಂಡಿತು, ಕೂತಲ್ಲೇ ತೂಕಡಿಕೆ ಬರತೊಡಗಿತು. ಅತ್ತೆ ಉಡುಸಲಮ್ಮ ಅವಳನ್ನು ಹಿಂದೂಪುರದ ಡಾಕ್ಟರಮ್ಮನ ಬಳಿಗೆ ಎಳೆದುತಂದಳು.

"ಅಯ್ಯೋ ತಲ್ಲೀ, ಕೋಳಿಸಾರು ಬಿಡು ಅಂದ್ರೆ ಔಷಧೀನೂ ಬಿಡ್ತಾರಾ?" ಡಾಕ್ಟರಮ್ಮ ನಕ್ಕರು. "ನಾನು ಬರ್ಕೊಡೋ ಈ ಹೊಸ ಮಾತ್ರೆ ಕಾರ್ಖಾನೇಲಿ ಮಾಡಿದ್ದು, ಪ್ರಾಣೀದಲ್ಲ. ಕೆಲ್ಸ ಅದೇ, ಒಂದೊಂದು ಮಾತ್ರೇಲೂ ಔಷಧೀ ಪ್ರಮಾಣ ಹಳೇದಕ್ಕಿಂತ ಸಮವಾಗಿರ್ತದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ನುಂಗ್ಬೇಕು, ಜೀವ ಇರೋಗಂಟ."

"ಶ್ರಾವಣದಾಗೂನಾ?" ಈರಕ್ಕ ಕೇಳಿದಳು.

"ಶ್ರಾವಣದಾಗೂ ಕಣಮ್ಮ."

"ಇದ್ನೇ ಕೊಡ್ರಮ್ಮ," ಎಂದಳು ಉಡುಸಲಮ್ಮ. "ಹಳೇದು ತಿಂದ್ರೂ ದೇವ್ರು ಕ್ಷಮಿಸ್ತಾನೆ, ಇವ್ಳು ತನ್ನ ತಾನು ಕ್ಷಮಿಸ್ಕೊಳಲ್ಲ."

ಈರಕ್ಕ ನಗುತ್ತಲೇ ಚೀಟಿಗೆ ಕೈಚಾಚಿದಳು.